ಆಗಲ್ಲ ಬಿಡಿ

ನನಗೆ ನನ್ನ ಮೊಬೈಲು ಕಂಡರೆ ಭಯ. ನಲವತ್ಮೂರು ವರ್ಷದ, ಮೀಸೆ ಬಿಟ್ಟಿರುವ, ನಾಲ್ಕೂವರೆ ಎಕರೆ ಕಾಫಿ ತೋಟ ಇರುವ ಮನುಷ್ಯ ಹೀಗೆ ಬರೆದುಕೊಳ್ಳುವುದು ಶೋಭೆಯಲ್ಲ ಎಂದು ಗೊತ್ತಿದೆ. ಆದರೆ ಮೂರು ವಾರದಿಂದ ಅದು ಜೇಬಿನಲ್ಲಿ ಗುರ್ ಅಂದರೆ ಸಾಕು, ಹೊರಗೆ ತೆಗೆಯುವ ಮೊದಲು ಒಂದು ಸಲ ದೇವರನ್ನು ನೆನೆಯುತ್ತೇನೆ. ಬೆಳಗೋಡಿನ ನಮ್ಮ ಕಡೆ ಮೊಬೈಲಿಗೆ ಹೆದರಲು ಮೊದಲಿನಿಂದಲೂ ಒಂದು ಕಾರಣ ಇದ್ದೇ ಇದೆ. ಆನೆಗಳು ಎಲ್ಲಿವೆ ಎಂದು ಒಬ್ಬರಿಗೊಬ್ಬರು ತಿಳಿಸುವ ವಾಟ್ಸಾಪ್ ಗ್ರೂಪು ಅದು. ‘ಕೆರೆ ಏರಿ ಹತ್ತಿರ ಮೂರು, ಜೊತೆಗೊಂದು ಮರಿ’ ಎಂದು ಬಂತೆಂದರೆ ಆ ದಿನ ಆ ಕಡೆ ಯಾರೂ ಕೆಲಸಕ್ಕೆ ಹೋಗುವುದಿಲ್ಲ, ಮಕ್ಕಳನ್ನು ನಡೆಸಿ ಕಳಿಸದೆ ಜೀಪಿನಲ್ಲಿ ಶಾಲೆಗೆ ಬಿಟ್ಟು ಬರುತ್ತೇವೆ. ಆನೆಯ ಬಗ್ಗೆ ನನ್ನದೇನೂ ತಕರಾರಿಲ್ಲ. ಆನೆ ಬಂದರೆ ಏನು ಮಾಡಬೇಕೆಂದು ನನಗೆ ಗೊತ್ತು, ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳಬೇಕು. ಈಗ ನಾನು ಕಾಯುತ್ತಿರುವುದು ಒಂದು ಪಟ್ಟಿಗೆ. ಪಟ್ಟಿ ಬಂದರೆ ಯಾವ ಬಾಗಿಲು ಹಾಕಿಕೊಳ್ಳಬೇಕೋ ಇನ್ನೂ ತಿಳಿದಿಲ್ಲ.

ಸಂಗತಿ ಇಷ್ಟೇ. ನನ್ನ ಮಗಳು ಸಿಂಚನ ಊರಿನ ಶಾಲೆಯಲ್ಲಿ ಐದನೇ ಕ್ಲಾಸು ಓದುತ್ತಿದ್ದಾಳೆ. ಜಿಲ್ಲೆಯ ಜಾಣ ಮಕ್ಕಳನ್ನೆಲ್ಲ ಒಂದು ಪರೀಕ್ಷೆಗೆ ಕೂರಿಸಿ, ಅವರಲ್ಲಿ ಬೆರಳೆಣಿಕೆಯಷ್ಟು ಮಂದಿಯನ್ನು ಆರಿಸಿ, ಆರನೇ ಕ್ಲಾಸಿನಿಂದ ಹಾಸ್ಟೆಲಿನಲ್ಲಿಟ್ಟುಕೊಂಡು ಓದಿಸುವ ಶಾಲೆಯೊಂದಿದೆ. ಅದಕ್ಕೆ ಅರ್ಜಿ ಹಾಕಿಸಿದ್ದು ನಾನಲ್ಲ, ಅವಳ ಗಿರಿಜಾ ಮಿಸ್. ಒಂದು ದಿನ ನಮ್ಮ ಮನೆಗೇ ಬಂದು, “ಇವಳನ್ನ ಇಲ್ಲೇ ಇಟ್ಕೊಂಡ್ರೆ ನಾವೇ ತಪ್ಪು ಮಾಡ್ದಂಗೆ ಕಣ್ರೀ. ನಾನು ಕಲ್ಸೋಕೆ ಹೋಗೋದು ಇವಳಿಗೆ ಮೊದ್ಲೇ ಗೊತ್ತಿರುತ್ತೆ” ಎಂದರು. ಅದನ್ನು ಕೇಳಿ ನನಗೆ ಹೆಮ್ಮೆಯಾಗಬೇಕಿತ್ತು. ಆಯಿತು ಕೂಡ, ಒಂದೈದು ನಿಮಿಷ. ಆಮೇಲೆ ಶುರುವಾದದ್ದು ಭಯ.

ಪರೀಕ್ಷೆಗೆ ಮುಂಚೆ ಒಂದು ಹಳೆಯ ಪ್ರಶ್ನೆಪತ್ರಿಕೆ ಮನೆಗೆ ಬಂತು. ಅದರಲ್ಲಿ ಸಾಲಾಗಿ ನಾಲ್ಕು ಚಿತ್ರ ಕೊಟ್ಟು, ಗುಂಪಿಗೆ ಸೇರದ್ದು ಯಾವುದು ಎಂದು ಕೇಳಿರುತ್ತಾರೆ. ಮಗಳಿಗೆ ಹೇಳಿಕೊಡೋಣ ಎಂದು ಕನ್ನಡಕ ಏರಿಸಿಕೊಂಡು ಕೂತೆ. ನನ್ನ ಕಣ್ಣಿಗೆ ನಾಲ್ಕೂ ಒಂದೇ ಥರ ಕಂಡವು, ಇನ್ನೂ ಸ್ವಲ್ಪ ಹೊತ್ತು ನೋಡಿದ ಮೇಲೆ ನಾಲ್ಕೂ ಬೇರೆ ಬೇರೆಯಾಗಿ ಕಂಡವು. ಹತ್ತು ಪ್ರಶ್ನೆಗೆ ನನ್ನ ಉತ್ತರ ಸರಿಹೋದದ್ದು ಮೂರು. ಸಿಂಚನ ಪೆನ್ಸಿಲಿನಲ್ಲಿ ನನ್ನ ಏಳು ತಪ್ಪುಗಳನ್ನು ತಿದ್ದಿ, ಪ್ರತಿಯೊಂದೂ ಯಾಕೆ ತಪ್ಪು ಎಂದು ಬಹಳ ತಾಳ್ಮೆಯಿಂದ ವಿವರಿಸಿದಳು. ಅವಳ ಅಮ್ಮ ಶೈಲಾ ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿ, ಮಗಳಿಗೆ ಮಾತ್ರ ಒಂದು ಲೋಟ ಹಾಲು ತಂದಿಟ್ಟಳು.

ಹಾಸನಕ್ಕೆ ಕರೆದುಕೊಂಡು ಹೋಗಿ ಪರೀಕ್ಷೆ ಬರೆಸಿಕೊಂಡು ಬಂದೆವು. ಆಯ್ಕೆಯಾದವರ ಪಟ್ಟಿ ಯಾವಾಗ ಬೇಕಾದರೂ ಮೊಬೈಲಿಗೆ ಬರಬಹುದು ಎಂದರು. ಅಲ್ಲಿಂದ ನನ್ನ ತಪ್ಪಿನ ಕಥೆ ಶುರು. ಅದನ್ನು ಹೇಳುವುದಕ್ಕೆ ಮುಂಚೆ ಕಾಫಿ ಬೆಳೆಯುವ ನಮ್ಮ ಜನರ ಒಂದು ಪದ್ಧತಿಯನ್ನು ನಿಮಗೆ ತಿಳಿಸಬೇಕು.

ನಾವು ಫಸಲು ಎಷ್ಟಿದೆ ಎಂದು ಯಾರಿಗೂ ಹೇಳುವುದಿಲ್ಲ. ಯಾರಾದರೂ “ಈ ಸಲ ಫಸಲು ಹೆಂಗೈತೆ?” ಎಂದರೆ ಉತ್ತರ ಒಂದೇ, “ಏನಿಲ್ಲ ಬಿಡಿ.” ನಮ್ಮಪ್ಪ ಕಾಯಿಯ ಭಾರಕ್ಕೆ ನೆಲ ಮುಟ್ಟುವಂತೆ ಬಗ್ಗಿದ ರೆಂಬೆಯನ್ನು ಕೈಯಲ್ಲಿ ಎತ್ತಿ ಹಿಡಿದುಕೊಂಡೇ, “ಎಲ್ಲ ಉದುರೋಗ್ಬುಡ್ತು ಕಣೋ ಮಾರಾಯ, ಎಲೆ ಒಂದು ಉಳ್ಕೊಂಡೈತೆ” ಅನ್ನುತ್ತಿದ್ದರು. ಕೇಳಿದವರು ಆ ರೆಂಬೆಯನ್ನು ನೋಡುತ್ತಲೇ, “ನಮ್ದೂ ಹಂಗೇ” ಅನ್ನುತ್ತಿದ್ದರು. ಇಬ್ಬರೂ ನೆಮ್ಮದಿಯಾಗಿ ಮನೆಗೆ ಹೋಗುತ್ತಿದ್ದರು. ಇದು ಸುಳ್ಳಲ್ಲ. ಹೇಳಿದವನಿಗೂ ಕೇಳಿದವನಿಗೂ ನಿಜ ಗೊತ್ತಿರುವಾಗ ಅದನ್ನು ಸುಳ್ಳು ಎನ್ನಲಾಗದು. ನಿಜ ಹೇಳಿಬಿಟ್ಟರೇ ಮರ್ಯಾದೆಗೆಟ್ಟವನು ಅನ್ನಿಸಿಕೊಳ್ಳಬೇಕು.

ಇದರ ಹಿಂದೆ ಶಾಸ್ತ್ರವೂ ಇದೆ. ಹಸುಗೂಸಿನ ಕೆನ್ನೆಗೆ ಕಾಡಿಗೆಯ ಬೊಟ್ಟು ಇಡುತ್ತೇವೆ, ಹೊಸ ಮನೆಗೆ ಬೂದುಗುಂಬಳ ಕಟ್ಟುತ್ತೇವೆ, ಗದ್ದೆಗೆ ಬೆರ್ಚಪ್ಪನನ್ನು ನಿಲ್ಲಿಸುತ್ತೇವೆ. ಎಲ್ಲವೂ ಕಣ್ಣು ಬೀಳದಿರಲೆಂದು. ಆದರೆ ಕಾಫಿ ಹೂ ಬಿಟ್ಟು ಹಣ್ಣಾಗುವುದಕ್ಕೆ ಹತ್ತು ತಿಂಗಳು ಬೇಕು. ಮೊಗ್ಗು ಅರಳಿಸುವ ಹೂ ಮಳೆ ತಡವಾದರೆ ಕೆಟ್ಟಿತು, ಮುಂಗಾರು ಜೋರಾದರೆ ಉದುರಿತು, ಕೊಯ್ಲಿನಲ್ಲಿ ಮೋಡ ಕಟ್ಟಿದರೆ ಕಣದಲ್ಲಿ ಒಣಗಲಿಲ್ಲ. ಇಷ್ಟು ದಿನ ಬಯಲಲ್ಲಿ ನಿಂತಿರುವ ವಸ್ತುವಿಗೆ ಒಂದು ಕಾಡಿಗೆ ಬೊಟ್ಟು ಸಾಲದು ಎಂದೇ ನಮ್ಮ ಹಿರಿಯರು ಬಾಯಿಗೇ ಈ ಕೆಲಸ ವಹಿಸಿದ್ದಾರೆ. ಆಲೂರಿನಲ್ಲಿ ಕಾಫಿ ವ್ಯಾಪಾರ ಮಾಡುವ ರಹೀಂ ಸಾಹೇಬರು ನಮ್ಮ ಮಾತಿಗೆ ಕಿವಿಯನ್ನೇ ಕೊಡುವುದಿಲ್ಲ, ನೇರವಾಗಿ ಕಣಕ್ಕೆ ಹೋಗಿ ನೋಡುತ್ತಾರೆ. “ನಿಮ್ಮ ಮಾತು ನಂಬಿದ್ರೆ ನಾನು ಇಪ್ಪತ್ತು ವರ್ಷದಿಂದ ಬರೀ ಎಲೆ ಕೊಂಡ್ಕೊಂಡಿದ್ದೀನಿ ಅಂತ ಆಯ್ತು” ಎಂದು ಅವರು ಒಮ್ಮೆ ಹೇಳಿದ್ದರು.

ಈಗ ನನ್ನ ತಪ್ಪು. ಊರಿಗೆ ಊರೇ ಪರೀಕ್ಷೆಯ ವಿಷಯ ಕೇಳತೊಡಗಿದಾಗ ನಾನು ಮಗಳ ವಿಷಯದಲ್ಲೂ ಅದೇ ಉತ್ತರ ಕೊಟ್ಟೆ. ಬಸ್ಸಿನ ಹತ್ತಿರ ಕೇಳಿದವರಿಗೆ, “ಆಗಲ್ಲ ಬಿಡಿ, ಸುಮ್ನೆ ಕೂರಿಸ್ಕೊಂಡು ಬಂದ್ವಿ.” ರೇಷನ್ ಅಂಗಡಿಯಲ್ಲಿ ಕೇಳಿದವರಿಗೆ, “ಅವೆಲ್ಲ ನಮ್ಮಂಥವರ ಮಕ್ಕಳಿಗೆ ಎಲ್ಲಿ ಸಿಗ್ತಾವೆ, ಆಗಲ್ಲ ಬಿಡಿ.” ಪಕ್ಕದ ತೋಟದ ಧರ್ಮಣ್ಣನಿಗಂತೂ ದಿನಕ್ಕೊಂದು ಸಲ. ಇಷ್ಟೂ ಸಲ ಸಿಂಚನ ನನ್ನ ಪಕ್ಕದಲ್ಲೇ ಇದ್ದಳು ಎಂಬುದು ನನ್ನ ಗಮನಕ್ಕೆ ಬರಲಿಲ್ಲ. ಗಮನಕ್ಕೆ ಬಂದಿದ್ದರೂ ಚಿಂತೆ ಮಾಡುತ್ತಿರಲಿಲ್ಲವೇನೋ. ಕಾಫಿ ಗಿಡದ ಪಕ್ಕದಲ್ಲೇ ನಿಂತು ಅದಕ್ಕೆ ಕಾಯಿಲ್ಲ ಎಂದರೆ ಗಿಡ ಎಂದಾದರೂ ಬೇಸರ ಮಾಡಿಕೊಂಡಿದೆಯೇ?

ಶೈಲಾ ಪಾಳ್ಯದ ಕಡೆಯವಳು, ಬತ್ತ ರಾಗಿ ಬೆಳೆಯುವ ಮನೆಯವಳು. ಅವಳಿಗೆ ನಮ್ಮ ಈ ಪದ್ಧತಿ ಮೊದಲಿನಿಂದಲೂ ಸರಿಬರುವುದಿಲ್ಲ. “ನಮ್ಮಪ್ಪ ಬತ್ತ ಚೆನ್ನಾಗ್ ಬಂದ್ರೆ ಚೆನ್ನಾಗ್ ಬಂತು ಅಂತಾರೆ. ಅವ್ರಿಗೇನೂ ಆಗಿಲ್ಲ. ಹೋಗ್ ಹೋಗಿ ಮಗಳ ವಿಷ್ಯದಲ್ಲಿ ಹಂಗ್ಯಾಕೆ ಅಂತೀರಿ? ನಿಮ್ದು ಕರಿನಾಲಿಗೆ ಆಗಿದ್ರೆ ಏನ್ ಗತಿ?” ಎಂದಳು. ಬತ್ತ ಬೇರೆ, ಕಾಫಿ ಬೇರೆ ಎಂದು ನಾನೇನೋ ಸಮಜಾಯಿಷಿ ಕೊಟ್ಟೆ. ಆದರೆ ಕರಿನಾಲಿಗೆಯ ಮಾತು ಮನಸ್ಸಿನಲ್ಲಿ ಕೂತುಬಿಟ್ಟಿತು. ಒಬ್ಬನೇ ಇದ್ದಾಗ ಕನ್ನಡಿಯ ಮುಂದೆ ನಾಲಿಗೆ ಚಾಚಿ ನೋಡಿಕೊಂಡದ್ದೂ ಉಂಟು. ಅಂಥದ್ದೇನೂ ಕಾಣಲಿಲ್ಲ, ಕಾಫಿಯ ಬಣ್ಣ ಸ್ವಲ್ಪ ಇತ್ತು.

ಅದೇ ವಾರ ಶೈಲಾ ಆಲೂರಿನಲ್ಲಿ ಒಂದು ಟ್ರಂಕು ವಿಚಾರಿಸಿ ಬನ್ನಿ ಎಂದಳು, ಹಾಸ್ಟೆಲಿಗೆ ಬೇಕಾಗುತ್ತದಲ್ಲ ಎಂದು. ಪಟ್ಟಿ ಬರಲಿ ಎಂದೆ. ಆಲೂರಿಗೆ ಹೋದಾಗ ಪಾತ್ರೆ ಅಂಗಡಿಯ ಮುಂದೆ ಟ್ರಂಕುಗಳನ್ನು ಒಂದರ ಮೇಲೊಂದು ಜೋಡಿಸಿಟ್ಟಿದ್ದರು. ನಾನು ರಸ್ತೆ ದಾಟಿ ಆಚೆ ಬದಿಯಲ್ಲಿ ನಡೆದೆ. ಯಾಕೆ ಹಾಗೆ ಮಾಡಿದೆ ಎಂದು ಆಗ ನನ್ನನ್ನು ನಾನು ಕೇಳಿಕೊಳ್ಳಲಿಲ್ಲ.

ಒಂದು ಸಂಜೆ ರಹೀಂ ಸಾಹೇಬರು ಕಣದಲ್ಲಿದ್ದ ಕೊನೆಯ ಕಾಫಿ ನೋಡಲು ಬಂದರು. ಸಿಂಚನ ಅಲ್ಲೇ ಮೆಟ್ಟಿಲ ಮೇಲೆ ಕೂತು ಏನೋ ಬರೆಯುತ್ತಿದ್ದಳು. “ಏನಮ್ಮ, ದೊಡ್ಡ ಪರೀಕ್ಷೆ ಬರ್ದ್ಯಂತೆ, ಹೆಂಗಾಯ್ತು?” ಎಂದು ಕೇಳಿದರು. ಅವಳು ತಲೆ ಎತ್ತದೆ, “ಆಗಲ್ಲ ಬಿಡಿ ಸಾಹೇಬ್ರೆ. ಸುಮ್ನೆ ಕೂತ್ಕೊಂಡು ಬಂದೆ” ಎಂದಳು. ಮಾತು ನನ್ನದೇ, ಎಳೆದು ಹೇಳುವ ರೀತಿಯೂ ನನ್ನದೇ. ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರು. “ಪಕ್ಕಾ ನಿಮ್ಮ ಮಗಳೇ, ತೋಟ ನಡೆಸ್ತಾಳೆ” ಎಂದರು. ನಾನೂ ನಕ್ಕೆ. ನಗುತ್ತ ಅವಳ ಮುಖ ನೋಡಿದೆ. ಅವಳು ನಗುತ್ತಿರಲಿಲ್ಲ.

ಮರುದಿನ ಮಧ್ಯಾಹ್ನ ಮೊಬೈಲು ಗುರ್ ಅಂದಿತು. ಆನೆಯಲ್ಲ, ಪಟ್ಟಿಯೂ ಅಲ್ಲ, ಗಿರಿಜಾ ಮಿಸ್. “ಏನ್ರೀ, ನಿಮ್ಮ ಮಗಳು ಬಂದು ಆರನೇ ಕ್ಲಾಸಿಗೆ ನನ್ ಹೆಸ್ರು ಇಲ್ಲೇ ಬರ್ಕೊಳಿ ಮಿಸ್ ಅಂತಾಳೆ. ಯಾಕಮ್ಮ ಅಂದ್ರೆ, ಅಪ್ಪ ಆಗಲ್ಲ ಅಂದವ್ರೆ ಅಂತಾಳೆ. ನಿಮಗೆ ಹೆಂಗ್ರೀ ಗೊತ್ತಾಯ್ತು?” ಸಂಜೆ ಅವಳ ಹತ್ತಿರ ಮಾತಾಡುತ್ತೇನೆ ಎಂದು ಫೋನು ಇಟ್ಟು ಕಾಫಿ ಮೂಟೆಯ ಮೇಲೆ ಕೂತೆ. ಅದುವರೆಗೂ ನಾನು ಪಟ್ಟಿ ಬಂದರೆ ಏನಾಗುವುದೋ ಎಂದು ಹೆದರಿದ್ದೆ. ಈಗ ಬೇರೆಯೇ ಭಯ ಹತ್ತಿತು. ಹತ್ತು ವರ್ಷದ ಹುಡುಗಿ ಅಪ್ಪನ ಮಾತು ನಂಬಿ, ತನ್ನ ಹೆಸರನ್ನು ತಾನೇ ಪಟ್ಟಿಯಿಂದ ತೆಗೆದುಹಾಕಿಕೊಂಡಿದ್ದಳು. ಅವಳ ಹೆಸರು ಪಟ್ಟಿಯಲ್ಲಿ ಬಂದರೂ ಈ ಮಾತು ಅವಳೊಳಗೆ ಉಳಿದುಬಿಟ್ಟರೆ, ಮುಂದೆ ಯಾವ ಪರೀಕ್ಷೆಗೆ ಹೋದರೂ ಅವಳ ಜೊತೆಗೇ ಬಂದು ಕೂತರೆ?

ಸಂಜೆ ಅವಳು ಶಾಲೆಯಿಂದ ಬರುವಾಗ ಅರ್ಧ ದಾರಿಗೆ ಹೋಗಿ ನಿಂತೆ. ಬ್ಯಾಗು ನಾನು ಹೊತ್ತುಕೊಂಡೆ. ಒಳ್ಳೆಯದನ್ನು ಬಾಯಿಬಿಟ್ಟು ಹೇಳಿ ಅಭ್ಯಾಸವಿಲ್ಲದ ವಂಶ ನಮ್ಮದು, ಮಾತು ಶುರುಮಾಡಲು ಎರಡು ತಿರುವು ದಾಟಬೇಕಾಯಿತು.

“ಪುಟ್ಟಿ, ನಾನು ಎಲ್ಲರ ಹತ್ರ ಆಗಲ್ಲ ಆಗಲ್ಲ ಅಂತಿದ್ನಲ್ಲ, ಅದು ನಿಜ ಅಲ್ಲ ಕಣೆ. ಕಣ್ಣು ಬೀಳ್ದೆ ಇರ್ಲಿ ಅಂತ. ಫಸಲು ಕೇಳಿದ್ರೂ ನಾವು ಹಂಗೇ ಅಲ್ವ ಹೇಳೋದು?”

“ಅದು ನಂಗೊತ್ತಪ್ಪ” ಎಂದಳು.

“ಗೊತ್ತಿದ್ರೆ ಮತ್ತೆ ಮಿಸ್ ಹತ್ರ ಯಾಕೆ ಹಂಗಂದೆ?”

ಅವಳು ದಾರಿಯಲ್ಲಿದ್ದ ಒಂದು ಕಲ್ಲನ್ನು ಕಾಲಲ್ಲಿ ಒದ್ದಳು. ಆಮೇಲೆ, “ಫಸಲು ಏನಿಲ್ಲ ಅನ್ನೋವಾಗ ನೀನು ನಗ್ತೀಯ. ನಂದು ಆಗಲ್ಲ ಅನ್ನೋವಾಗ ನಗಲ್ಲ” ಎಂದಳು. “ನಾನು ಹೋಗೋದು ನಿಂಗೆ ಇಷ್ಟ ಇಲ್ಲ ಅಂದ್ಕೊಂಡೆ.”

ಗುಂಪಿಗೆ ಸೇರದ ಚಿತ್ರವನ್ನು ಗುರುತಿಸುವವಳ ಮುಂದೆ ನಾನು ಇಷ್ಟು ದಿನ ನಾಟಕವಾಡಿದ್ದೆ. ರಸ್ತೆಯ ನಡುವೆ ನಿಂತುಬಿಟ್ಟೆ. ಅವಳು ಆಯ್ಕೆಯಾಗದಿದ್ದರೆ ಎಂಬ ಭಯವನ್ನೇ ನಾನು ಊರಿಗೆಲ್ಲ ತೋರಿಸಿಕೊಂಡು ತಿರುಗಿದ್ದೆ. ಅದರ ಕೆಳಗೆ ಇನ್ನೊಂದಿತ್ತು. ಬೆಳಿಗ್ಗೆ ಇವಳ ಎರಡು ಜಡೆಯನ್ನು ಅಲ್ಲಿ ಯಾರು ಹೆಣೆಯುತ್ತಾರೆ, ಜ್ವರ ಬಂದರೆ ಯಾರಿಗೆ ಹೇಳುತ್ತಾಳೆ, ಅಳು ಬಂದರೆ ಎಲ್ಲಿ ಹೋಗಿ ಅಳುತ್ತಾಳೆ, ಇವಳಿಲ್ಲದ ಮನೆಯಲ್ಲಿ ನಾನು ಯಾರಿಂದ ತಪ್ಪು ತಿದ್ದಿಸಿಕೊಳ್ಳಲಿ? ಕಣ್ಣು ಬೀಳದಿರಲಿ ಎಂದು ಹೇಳಿದ ಮಾತಿನಲ್ಲಿ, ಆಗದೇ ಹೋಗಲಿ ಎಂಬ ಆಸೆಯೂ ಒಂದು ಪಾಲು ಸೇರಿತ್ತು. ಅದು ನನಗೇ ತಿಳಿದಿರಲಿಲ್ಲ. ನನ್ನ ಜೊತೆ ಬಸ್ಸಿಗೆ ನಿಂತ ಮಗುವಿಗೆ ತಿಳಿದಿತ್ತು.

“ನೀನು ಹೋದ್ರೆ ನಂಗೆ ಭಯ ಆಗುತ್ತೆ” ಎಂದೆ. “ಆದ್ರೆ ಹೋಗ್ಬೇಡ ಅಂತ ಅಲ್ಲ. ಭಯ ನಂದು, ಅದನ್ನ ನಾನು ನೋಡ್ಕೋತೀನಿ.”

“ನಂಗೂ ಆಗುತ್ತೆ” ಎಂದಳು. ಮತ್ತೆ, ಯಾರಾದರೂ ಕೇಳಿಸಿಕೊಂಡಾರು ಎಂಬಂತೆ ಮೆಲ್ಲಗೆ, “ನಾನು ಚೆನ್ನಾಗೇ ಬರ್ದಿದ್ದೀನಪ್ಪ. ಒಂದು ಬಿಟ್ಟು ಎಲ್ಲ ಬರ್ದಿದ್ದೀನಿ” ಎಂದಳು. ಪರೀಕ್ಷೆ ಮುಗಿದು ಇಷ್ಟು ದಿನವಾದ ಮೇಲೆ ನಮ್ಮ ಮನೆಗೆ ಬಂದ ಮೊದಲ ಸುದ್ದಿ ಅದು. ನಾನು ಅವಳನ್ನು ಒಂದು ಸಲವೂ ಕೇಳಿರಲಿಲ್ಲ.

ಮಾರನೆಯ ಬೆಳಿಗ್ಗೆ ಅವಳನ್ನು ಶಾಲೆಗೆ ಬಿಡಲು ಹೊರಟಾಗ ಧರ್ಮಣ್ಣ ಎದುರಾದ. “ಏನ್ ಮಾರಾಯ, ಬಂತಾ ಪಟ್ಟಿ? ಏನಂತಾಳೆ ನಿನ್ ಮಗಳು?” ಎಂದ. ನನ್ನ ಬಾಯಿ ತಾನಾಗಿಯೇ ಹಳೆಯ ಮಾತಿಗೆ ತೆರೆದುಕೊಂಡಿತು. ಅದನ್ನು ಹಿಡಿದು ನಿಲ್ಲಿಸಿ, ತಲೆತಲಾಂತರದಿಂದ ನಮ್ಮ ಮನೆಯಲ್ಲಿ ಯಾರೂ ಹೇಳದ ಮಾತನ್ನು ಹೇಳಿದೆ. “ಚೆನ್ನಾಗ್ ಬರ್ದವಳೆ ಧರ್ಮಣ್ಣ. ಆಗ್ಬೋದು ಅಂತ ಕಾಣುತ್ತೆ.”

ಧರ್ಮಣ್ಣ ನನ್ನ ಮುಖವನ್ನೇ ನೋಡಿದ. ಅವನಿಗೂ ಇಂಥ ಉತ್ತರ ಕೇಳಿ ಅಭ್ಯಾಸವಿಲ್ಲ. ಇಷ್ಟು ನೇರವಾಗಿ ಮಾತಾಡಬೇಕಾದರೆ ಏನೋ ದೊಡ್ಡ ಅನಾಹುತವೇ ಆಗಿರಬೇಕು ಎಂದು ಲೆಕ್ಕ ಹಾಕಿ, ನನ್ನ ಹೆಗಲ ಮೇಲೆ ಕೈಯಿಟ್ಟ. “ಹೋಗ್ಲಿ ಬುಡು, ಬೇಜಾರ್ ಮಾಡ್ಕೋಬ್ಯಾಡ. ಇಲ್ಲೇ ಓದ್ಲಿ, ಇಲ್ಲೇನ್ ಕಮ್ಮಿ ಐತೆ” ಎಂದು ಸಮಾಧಾನ ಹೇಳಿ ಹೊರಟುಹೋದ.

ಇಷ್ಟು ಬರೆಯುವ ಹೊತ್ತಿಗೂ ಪಟ್ಟಿ ಬಂದಿಲ್ಲ. ಭಯ ಕಡಿಮೆಯಾಗಿದೆ ಎಂದರೆ ನೀವು ನಂಬಬೇಡಿ. ಮೊದಲು ಮನೆಯಲ್ಲಿ ಮೂವರೂ ಒಬ್ಬರಿಗೊಬ್ಬರು ಕಾಣದಂತೆ ಹೆದರುತ್ತಿದ್ದೆವು. ಈಗ ಊಟಕ್ಕೆ ಕೂತಾಗ, ಇವತ್ತು ಯಾರಿಗೆ ಎಷ್ಟು ಭಯವಾಯಿತು ಎಂದು ಸಿಂಚನ ಒಬ್ಬೊಬ್ಬರನ್ನೇ ಕೇಳುತ್ತಾಳೆ. ದಿನವೂ ನನ್ನದೇ ಹೆಚ್ಚು. ಕಡಿಮೆ ಮಾಡಿ ಹೇಳೋಣವೆಂದರೆ ಅವಳು ನನ್ನ ಮುಖ ನೋಡುತ್ತಿರುತ್ತಾಳೆ.