ರವಿಚಂದ್ರನ ಪಂಕ್ತಿ

ನಿಟ್ಟುವಳ್ಳಿಯಲ್ಲಿ ಮೋಟಾರ್ ರಿಪೇರಿ ಅಂಗಡಿ ಇಟ್ಟಿರುವ ರವಿಚಂದ್ರನಿಗೆ ಊಟದ ಜಾಗದಲ್ಲಿ ಸುಮ್ಮನೆ ಕೂತು ಗೊತ್ತಿಲ್ಲ. ಬಾತಿಯ ಮದುವೆಯಾಗಲಿ, ಕೊಕ್ಕನೂರಿನ ಗೃಹಪ್ರವೇಶವಾಗಲಿ, ಪಂಕ್ತಿ ಕೂತಿತೆಂದರೆ ಸೊಂಟಕ್ಕೆ ಟವೆಲ್ಲು ಬಿಗಿದು ಸೌಟು ಹಿಡಿದೇಬಿಡುತ್ತಾನೆ. "ಸಾಕ್ರೀ, ಸಾಕು" ಎಂದು ಎಲೆಗೆ ಅಡ್ಡ ಹಿಡಿದ ಕೈಯ ಬೆರಳಸಂದಿಯಲ್ಲೇ ಪಾಯಸ ಇಳಿಸುವಷ್ಟು ಪಳಗಿದ ಕೈ ಅವನದು. ಹಾಗಾಗಿ, ದಾವಣಗೆರೆಯಲ್ಲಿ ಹೊಸದಾಗಿ ತೆರೆದ ಸ್ಪ್ಯಾನಿಶ್ ಹೋಟೆಲಿಗೆ ಗೆಳೆಯರು ಕರೆದೊಯ್ದಾಗಲೂ ಅವನು ಕೂತದ್ದು ಮೊದಲ ತಟ್ಟೆ ಬರುವವರೆಗೆ ಮಾತ್ರ. ಅಲ್ಲಿ ತಾಪಾಸ್ ಎಂದು ಪುಟ್ಟ ಪುಟ್ಟ ತಟ್ಟೆಗಳಲ್ಲಿ ತಿಂಡಿ ತಂದು ಮೇಜಿನ ನಡುವೆ ಇಡುತ್ತಾರೆ. ಎಲ್ಲರೂ ಹಂಚಿಕೊಂಡು ತಿನ್ನಬೇಕು. "ಹಿಂಗ್ ನಡುವೆ ಇಟ್ರೆ ನಾಚ್ಕಿ ಇರೋರು ಉಪವಾಸನೇ" ಎಂದು ಎದ್ದವನು, ಮೇಜು ಸುತ್ತುತ್ತ ಹುರಿದ ಆಲೂಗಡ್ಡೆ ಬಡಿಸಿದ. "ಮಾಲತೇಶ, ಸಂಕೋಚ ಬ್ಯಾಡ, ಇನ್ನೊಂದ್ ಹಾಕ್ಸ್ಕೋ" ಎಂದ. ಪಕ್ಕದ ಮೇಜಿನ ಅಪರಿಚಿತರನ್ನೂ ಬಿಡದೆ "ನಿಮಗೆಲ್ಲ ಬಂತೇನ್ರೀ?" ಎಂದು ವಿಚಾರಿಸಿದ. ಆರನೇ ತಟ್ಟೆ ಬರುವ ಹೊತ್ತಿಗೆ ಮಾಲತೇಶನ ಹೆಂಡತಿ ಆಶಾರಾಣಿಯ ಕಣ್ಣಿಗೆ ಒಂದು ಸಂಗತಿ ಬಿತ್ತು: ಎಲ್ಲರ ತಟ್ಟೆಯೂ ಎಣ್ಣೆ ಎಣ್ಣೆ, ರವಿಚಂದ್ರನದು ಮಾತ್ರ ತೊಳೆದಿಟ್ಟಂತೆಯೇ ಇದೆ. "ಕೂಡ್ರಿ ರವಣ್ಣ" ಎಂದು ಅವಳು ಚಮಚ ಕಸಿದುಕೊಂಡು ಬಡಿಸತೊಡಗಿದಳು. "ಸಾಕಾದಾಗ ಹೇಳ್ರಿ." ಊರವರ ಬಾಯಲ್ಲಿ ಸಾವಿರ ಸಲ ಕೇಳಿಯೂ ಕೇಳದಂತೆ ಬಿಟ್ಟಿದ್ದ ಆ 'ಸಾಕು' ಎಂಬ ಮಾತನ್ನು ಯಾವಾಗ ಹೇಳಬೇಕೆಂದೇ ತಿಳಿಯದೆ, ರವಿಚಂದ್ರ ತುಂಬುತ್ತಲೇ ಇದ್ದ ತನ್ನ ತಟ್ಟೆಯನ್ನು ನೋಡುತ್ತ ಕೂತ.