ಬೆನ್ನಿಗೆ ಕೂಗಿದ ಮಾತು

ನಾನು ಸೊಸೆಯಾಗಿ ಬಂದ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಮಾತಾಡುತ್ತಿದ್ದವನು ನನ್ನ ಮೈದುನ. ಅವನು ಹುಟ್ಟು ಕಿವುಡ. ಅತ್ತೆ ಬಾಯಿ ತೆರೆದರೆ ಕೆಲಸ ಹೇಳುವುದಕ್ಕೆ, ನಮ್ಮವರು ಬಾಯಿ ತೆರೆದರೆ ಊಟಕ್ಕೆ. ಮೈದುನ ಮಾತ್ರ ಸಂಜೆ ಮನೆಗೆ ಬಂದವನೇ ಕೈ, ಹುಬ್ಬು, ಕೆನ್ನೆ, ಭುಜ ಎಲ್ಲವನ್ನೂ ಕುಣಿಸಿ ಬೀದಿಯ ಸುದ್ದಿಯನ್ನೆಲ್ಲ ನನ್ನ ಮುಂದೆ ಸುರಿಯುತ್ತಿದ್ದ. ಮೂಗಿನ ತುದಿ ಒತ್ತಿದರೆ ಪಕ್ಕದ ಮನೆಯ ದರ್ಜಿ. ಹೊಟ್ಟೆ ಮುಂದೆ ಎರಡು ಕೈ ಗುಂಡಗೆ ಹಿಡಿದರೆ ದಿನಸಿ ಅಂಗಡಿಯವನು. ಸೊಂಟಕ್ಕೆ ಕೈಕೊಟ್ಟು ತುಟಿ ಉಬ್ಬಿಸಿದರೆ ನನ್ನ ಅತ್ತೆ, ಅಂದರೆ ಅವನ ತಾಯಿ. ಅದನ್ನು ಅವರು ನೋಡದಿರುವಾಗ ಮಾಡುತ್ತಿದ್ದ. ಇದು ಯಾವ ಶಾಲೆಯಲ್ಲೂ ಕಲಿಸುವ ಭಾಷೆಯಲ್ಲ, ಅವನೇ ಕಟ್ಟಿಕೊಂಡದ್ದು. ನನ್ನ ಓದು ನಾಲ್ಕನೇ ಕ್ಲಾಸಿಗೇ ನಿಂತಿತ್ತು, ಇದನ್ನು ಮಾತ್ರ ಪೂರ್ತಿ ಕಲಿತೆ.

ಅವನಿಗೆ ಕೆಲಸ ತಗಡಿನ ಟ್ರಂಕು ಮಾಡುವ ಅಂಗಡಿಯಲ್ಲಿ. ಮನೆಯಿಂದ ಎರಡು ಬೀದಿ ದಾಟಿ, ಕ್ಷೌರದ ಅಂಗಡಿ ಪಕ್ಕದ ಸಂದಿ ಹಿಡಿದರೆ ಸಿಗುತ್ತಿತ್ತು. ಒಳಗೆ ಕಾಲಿಟ್ಟರೆ ತಲೆಯೊಳಗೆ ಯಾರೋ ಮೊಳೆ ಹೊಡೆದ ಹಾಗೆ ಸದ್ದು. ಉಳಿದವರು ಕಿವಿಗೆ ಹತ್ತಿ ತುರುಕಿಕೊಂಡು ಕೂತಿರುತ್ತಿದ್ದರು. ಇವನು ಮಧ್ಯಾಹ್ನ ಊಟ ಮಾಡಿ ಅದೇ ಸದ್ದಿನ ನಡುವೆ ತಗಡು ಕತ್ತರಿಸುವ ಮೇಜಿನ ಕೆಳಗೆ ಗೊರಕೆ ಹೊಡೆಯುತ್ತಿದ್ದ. "ಇವನೊಬ್ಬನಿಗೆ ನನ್ನ ಹತ್ತಿ ಖರ್ಚಿಲ್ಲ ಕಣ್ರೀ" ಎಂದು ಅಂಗಡಿ ಯಜಮಾನ ಬಂದವರಿಗೆಲ್ಲ ಹೇಳಿ ನಗುತ್ತಿದ್ದ. ಸುತ್ತಿಗೆ ಏಟು ಸರಿಯಾಗಿ ಬಿತ್ತೋ ಇಲ್ಲವೋ ಅಂತ ಮೈದುನನಿಗೆ ಮಣಿಕಟ್ಟೇ ಹೇಳುತ್ತಿತ್ತು. ಮಡಿಸಿದ ಅಂಚಿನ ಮೇಲೆ ಹೆಬ್ಬೆರಳು ಓಡಿಸಿ, ಎಲ್ಲಾದರೂ ಚೂಪು ತಗುಲಿದರೆ ಮತ್ತೆ ಬಡಿಯುತ್ತಿದ್ದ. ಬೀದಿಯವರು ಅವನಿಗೆ ಇಟ್ಟ ಹೆಸರು ಟಕಟಕ.

ಒಂದು ಕೆಟ್ಟ ಬುದ್ಧಿ ಇತ್ತು. ಸಿಟ್ಟು ಬಂದರೆ ಕಣ್ಣು ಮುಚ್ಚಿಬಿಡುತ್ತಿದ್ದ. ಮುಗಿಯಿತು, ಇನ್ನು ಯಾರ ಮಾತೂ ಒಳಗೆ ಹೋಗುವುದಿಲ್ಲ. ಅವನ ಜೊತೆ ಜಗಳ ಆಡುವುದಕ್ಕೂ ಅವನ ಅಪ್ಪಣೆ ಬೇಕು.

ನಮ್ಮ ಬೀದಿಯ ತುದಿಯಲ್ಲಿ ಒಬ್ಬ ಪಿಸ್ತೂಲ್ ಸಾಹುಕಾರ ಇದ್ದ. ಲೈಸೆನ್ಸ್ ಇದ್ದ ಪಿಸ್ತೂಲು, ಕಳ್ಳತನದ್ದೇನಲ್ಲ. ಆದರೆ ಗುಂಡು ತುಂಬಿಸಿ ದಿಂಬಿನ ಕೆಳಗೆ ಇಟ್ಟಿರುತ್ತಿದ್ದ. ಮನೆಗೆ ಬಂದವರಿಗೆ ಕಾಫಿ ಕೊಡುವುದು ಮರೆತರೂ ಪಿಸ್ತೂಲು ತೋರಿಸುವುದು ಮರೆಯುತ್ತಿರಲಿಲ್ಲ. ಒಂದು ದಿನ ಅವರೆಲ್ಲ ಮದುವೆಗೆ ಹೋಗಿದ್ದಾಗ ಕಳ್ಳ ನುಗ್ಗಿ, ಅವರದೇ ತಗಡಿನ ಟ್ರಂಕಿಗೆ ಸಿಕ್ಕಿದ್ದನ್ನೆಲ್ಲ ತುಂಬಿಕೊಂಡು, ಪಿಸ್ತೂಲನ್ನೂ ಎತ್ತಿಕೊಂಡು ಹೋದ. ಟ್ರಂಕು ಹೆಗಲ ಮೇಲಿಟ್ಟುಕೊಂಡು ಹೋದ ಗಂಡಸೊಬ್ಬನನ್ನು ಎದುರು ಮನೆಯವರು ಹಿಂದಿನಿಂದ ನೋಡಿದ್ದರು. ಪೊಲೀಸರಿಗೆ ಸಿಕ್ಕ ಗುರುತು ಇಷ್ಟೇ. ಹೆಗಲ ಮೇಲೆ ಟ್ರಂಕು, ಹತ್ತಿರ ಗುಂಡು ತುಂಬಿದ ಪಿಸ್ತೂಲು.

ಅದೇ ಸಂಜೆ ನನ್ನ ಮೈದುನ ಹೊಸ ಟ್ರಂಕೊಂದನ್ನು ಹೆಗಲ ಮೇಲೆ ಹೊತ್ತು ಗಿರಾಕಿ ಮನೆಗೆ ಕೊಡಲು ಹೊರಟ.

ಆಮೇಲಿನದನ್ನು ಕ್ಷೌರದವನು ಎಷ್ಟು ಸಲ ಹೇಳಿದನೋ, ನಾನೇ ಅಲ್ಲಿ ನಿಂತಿದ್ದೆ ಅನ್ನುವಷ್ಟು ನನಗೆ ಕಾಣುತ್ತದೆ. ಹೊಸದಾಗಿ ಕೆಲಸಕ್ಕೆ ಸೇರಿದ ಕಾನ್‌ಸ್ಟೇಬಲ್ ಒಬ್ಬ ತಿರುವಿನಲ್ಲಿ ನಿಂತಿದ್ದ. ಟ್ರಂಕು ನೋಡಿ ಹಿಂದಿನಿಂದ ಕೂಗಿದ, "ಏಯ್, ನಿಲ್ಲು!" ಇವನು ನಡೆದ. "ನಿಲ್ಲು ಅಂದ್ರೆ ನಿಲ್ಲು! ಕೆಳಗಿಡು!" ಇವನು ನಡೆದೇ ನಡೆದ. "ನಿಲ್ಲದಿದ್ರೆ ಸುಡ್ತೀನಿ!" ಅಷ್ಟರಲ್ಲಿ ಹೆಗಲು ನೊಂದು, ಟ್ರಂಕನ್ನು ಇನ್ನೊಂದು ಕಡೆಗೆ ಸರಿಸಲು ಇವನು ಕೈ ಮೇಲೆತ್ತಿದ. ಕಾನ್‌ಸ್ಟೇಬಲ್ ಗುಂಡು ಹೊಡೆದ.

ಗುಂಡು ಟ್ರಂಕಿನ ಒಂದು ಬದಿಯಿಂದ ಹೊಕ್ಕು ಇನ್ನೊಂದು ಬದಿಯಿಂದ ಹೊರಬಿದ್ದು ಕ್ಷೌರದ ಅಂಗಡಿಯ ಬಾಗಿಲ ಚೌಕಟ್ಟಿಗೆ ನಾಟಿಕೊಂಡಿತು. ಒಳಗೆ ಕುರ್ಚಿಯಲ್ಲಿದ್ದ ಗಿರಾಕಿ ಅರ್ಧ ಮುಖದ ಸೋಪಿನ ನೊರೆಯ ಸಮೇತ ಹಿಂಬಾಗಿಲಿನಿಂದ ಓಡಿದವನು ಉಳಿದರ್ಧ ಬೋಳಿಸಿಕೊಳ್ಳಲೂ ವಾಪಸು ಬರಲಿಲ್ಲ.

ಮೈದುನನಿಗೆ ಗುಂಡಿನ ಸದ್ದೂ ಕೇಳಿಸಲಿಲ್ಲ ನೋಡಿ. ಯಾರೋ ಕಲ್ಲು ಹೊಡೆದರು ಅಂದುಕೊಂಡ. ಟ್ರಂಕು ಕೆಳಗಿಟ್ಟು ನೋಡುತ್ತಾನೆ, ಹೊಸ ಬಣ್ಣ ಬಳಿದ ತಗಡಿಗೆ ತೂತು! ಮೈಯೆಲ್ಲ ಉರಿದು ಹಿಂದೆ ತಿರುಗಿ ಮುಷ್ಟಿ ಎತ್ತಿ ಬೈಯುವುದಕ್ಕೆ ಶುರು ಮಾಡಿದ. ಕಾನ್‌ಸ್ಟೇಬಲ್‌ನ ಪಿಸ್ತೂಲು ಇನ್ನೂ ಇವನ ಎದೆಯ ಕಡೆಗೇ ಇತ್ತು. ಕ್ಷೌರದವನು ಕತ್ತಿ ಬಿಸಾಕಿ ಓಡಿಬಂದು ನಡುವೆ ನಿಂತು, "ಕಿವುಡ ಸಾರ್! ಅವನು ಕಿವುಡ! ಟ್ರಂಕು ಅವನೇ ಮಾಡಿದ್ದು ಸಾರ್!" ಎಂದು ಬಾಯಿ ಬಡಿದುಕೊಂಡ. ಮೈದುನ ತೂತಿನೊಳಗೆ ಬೆರಳು ಹಾಕಿದ. ಎದುರಿನ ಬದಿಯಲ್ಲಿ ಇನ್ನೊಂದು ತೂತು ಕಂಡಿತು. ತನ್ನ ತಲೆ ಎಲ್ಲಿತ್ತು ಎಂದು ಆಗ ಲೆಕ್ಕ ಹಾಕಿ, ರಸ್ತೆಯಲ್ಲೇ ಕುಸಿದು ಕೂತ.

ನಾನೂ ಅತ್ತೆಯೂ ಪೊಲೀಸ್ ಠಾಣೆಗೆ ಹೋದೆವು. ಗೋಡೆಗೆ ಆನಿಸಿದ ಬೆಂಚು, ತಿರುಗುವಾಗ ನರಳುವ ಫ್ಯಾನು. ಅಲ್ಲಿನ ಅಧಿಕಾರಿ ಕೆಟ್ಟವನೇನಲ್ಲ, ನೀರು ಕೊಡಿಸಿದ. ಆಮೇಲೆ ಹೇಳಿದ, "ನೋಡಮ್ಮ, ಹುಡುಗ ಮೂರು ಸಲ ಎಚ್ಚರಿಕೆ ಕೊಟ್ಟಿದ್ದಾನೆ. ನಿಯಮದ ಪ್ರಕಾರವೇ ನಡ್ಕೊಂಡಿದ್ದಾನೆ."

ಅತ್ತೆ ಸೆರಗು ಬಿಗಿದುಕೊಂಡು ಎದ್ದರು. "ಎಚ್ಚರಿಕೆ ಕೊಟ್ಟ ಸರಿ. ಯಾರಿಗೆ ಕೊಟ್ಟ? ನನ್ನ ಮಗನಿಗೆ ಮುಟ್ಟಲಿಲ್ಲವಲ್ಲ. ಗೋಡೆಗೆ ಕೊಟ್ಟನಾ?"

ಕಾನ್‌ಸ್ಟೇಬಲ್‌ನ ಪಿಸ್ತೂಲು ಇಸಕೊಂಡು, ವಿಚಾರಣೆ ಮುಗಿಯುವವರೆಗೆ ಅವನನ್ನು ಠಾಣೆಯೊಳಗಿನ ಕಾಗದಪತ್ರದ ಕೆಲಸಕ್ಕೆ ಹಾಕಿದರು. ಅಸಲಿ ಕಳ್ಳ ಆಮೇಲೆ ಎಲ್ಲೋ ಬಸ್ ನಿಲ್ದಾಣದಲ್ಲಿ ಪಿಸ್ತೂಲಿನ ಸಮೇತ ಸಿಕ್ಕಿಬಿದ್ದ.

ಆದರೆ ನಮ್ಮ ಮನೆಯಲ್ಲಿ ಆಗಿದ್ದೇ ಬೇರೆ. ಅತ್ತೆ ಮಗನನ್ನು ಒಬ್ಬನೇ ಹೊರಗೆ ಬಿಡುವುದನ್ನು ನಿಲ್ಲಿಸಿದರು. ನಮ್ಮವರು ದಪ್ಪ ಅಕ್ಷರದಲ್ಲಿ 'ನನಗೆ ಕಿವಿ ಕೇಳಿಸುವುದಿಲ್ಲ' ಎಂದು ಬರೆಸಿ, ಪ್ಲಾಸ್ಟಿಕ್ ಹೊದಿಸಿದ ಕಾರ್ಡು ಮಾಡಿಸಿಕೊಂಡು ಬಂದರು. ಅದು ಬೀಳದಿರಲಿ ಎಂದು ಅತ್ತೆ ಅವನ ಅಂಗಿಗಳ ಒಳಬದಿಗೆ, ಎದೆಯ ಹತ್ತಿರ, ಗುಂಡಿ ಇರುವ ಜೇಬು ಹೊಲಿದರು. ಅಷ್ಟಾದ ಮೇಲೂ ಸಮಾಧಾನ ಇಲ್ಲ. ದಿನಾ ಬೆಳಿಗ್ಗೆ ಅಂಗಡಿಯವರೆಗೆ ಅವನ ಜೊತೆ ನಡೆದು ಹೋಗಿ ಬಿಟ್ಟು, ಸಂಜೆ ಹೋಗಿ ಕರೆದುಕೊಂಡು ಬರುತ್ತಿದ್ದರು. ಮೀಸೆ ಬಂದು ಎಷ್ಟೋ ಕಾಲವಾದ ಗಂಡಸು. ಅಂಗಿಯ ತುದಿ ತಾಯಿಯ ಕೈಯಲ್ಲಿ.

"ಏನಮ್ಮ, ಮಗನ್ನ ಒಂದನೇ ಕ್ಲಾಸಿಗೆ ಸೇರಿಸಿದ್ರಾ?" ಎಂದು ಕ್ಷೌರದವನು ಒಂದು ದಿನ ತಮಾಷೆ ಮಾಡಿದ.

"ನಿನ್ನ ಮಗನ ತಲೆ ಪಕ್ಕ ಗುಂಡು ಹೋಗ್ಲಿ, ಆಮೇಲೆ ನಗು" ಎಂದರು ಅತ್ತೆ. ಅವನು ಗಿರಾಕಿಯ ಕಡೆ ತಿರುಗಿ ಕತ್ತಿ ಮಸೆಯತೊಡಗಿದ.

ಮೈದುನನ ಕೈ ಸುಮ್ಮನಾಯಿತು. ಸಂಜೆ ಬಂದರೆ ಸುದ್ದಿಯಿಲ್ಲ, ನಕಲು ಇಲ್ಲ. ಎರಡೂ ಕೈ ತೊಡೆಯ ಮೇಲಿಟ್ಟು ಗೋಡೆ ನೋಡುತ್ತಾ ಕೂರುತ್ತಿದ್ದ. ಒಂದು ದಿನ ನಾನು ಪಾತ್ರೆ ತೊಳೆಯುತ್ತಿದ್ದಾಗ ಬಂದು ಎದುರು ಕೂತು, ನೆಲದ ಮೇಲೆ ಎರಡು ಬೆರಳು ನಡೆಸಿ ತೋರಿಸಿದ. ಆಮೇಲೆ ಒಂದೇ ಬೆರಳು ಎತ್ತಿದ. ಒಬ್ಬನೇ ನಡೆಯಬೇಕು. ಬದುಕಿ ಏನು ಬಂತು ಅತ್ತಿಗೆ, ಎಂದು ಕೇಳಿದ ಹಾಗಿತ್ತು ಮುಖ. ನಾನು ಅತ್ತೆಗೆ ಹೇಳಿದೆ. "ಕಾಲಿದ್ದರೆ ತಾನೇ ನಡೆಯೋದು, ಜೀವ ಇದ್ದರೆ ತಾನೇ ಕಾಲು" ಎಂದು ನನ್ನ ಬಾಯಿ ಮುಚ್ಚಿಸಿದರು.

ವಿಚಾರಣೆ ಮುಗಿದ ಮೇಲೆ ಒಬ್ಬ ಹೆಂಗಸು ನಮ್ಮ ಮನೆಗೆ ಬಂದರು. ಹೊಸ ಪೊಲೀಸರಿಗೆ ಪಾಠ ಹೇಳುವ ತರಬೇತಿ ಶಾಲೆಯ ಮೇಡಂ. ಅವರ ಹಿಂದೆ ಮಾಮೂಲಿ ಬಟ್ಟೆಯಲ್ಲಿ ಗುಂಡು ಹೊಡೆದ ಆ ಕಾನ್‌ಸ್ಟೇಬಲ್. ಅವನನ್ನು ನೋಡಿದ್ದೇ ತಡ, ಮೈದುನ ಕಣ್ಣು ಮುಚ್ಚಿದ. ಹುಡುಗ ಕೈಮುಗಿದು ನಿಂತೇ ನಿಂತ. ಮುಚ್ಚಿದ ಕಣ್ಣಿಗೆ ಕೈಮುಗಿದರೆ ಏನು ಬಂತು?

ಮೇಡಂ ಅತ್ತೆಗೆ ಹೇಳಿದರು, "ಠಾಣೆಯಲ್ಲಿ ನೀವು ಕೇಳಿದ ಪ್ರಶ್ನೆ ನನಗೆ ಬಂದು ಮುಟ್ಟಿತು. ಕೂಗೋದು ಹೇಗೆ ಅಂತ ನಾವು ಕಲಿಸಿದ್ದೀವಿ, ಕೇಳಿಸಿತಾ ಅಂತ ನೋಡೋದು ಕಲಿಸಿಲ್ಲ. ನಿಮ್ಮ ಮಗ ನಮ್ಮ ಶಾಲೆಗೆ ಬಂದು, ಹುಡುಗರ ಮುಂದೆ ಬೆನ್ನು ಹಾಕಿ ನಡೆದು ತೋರಿಸಬೇಕು."

"ಒಂದು ಸಲ ಸುಟ್ಟಿದ್ದು ಸಾಲಲ್ವಾ? ಅಭ್ಯಾಸಕ್ಕೂ ನನ್ನ ಮಗನೇ ಬೇಕಾ?"

"ಮರದ ಪಿಸ್ತೂಲು ತಾಯಿ. ಮೈದಾನದೊಳಗೆ ನಿಜವಾದ್ದು ಒಂದೂ ಬರಲ್ಲ, ನಾನೇ ಎಲ್ಲರ ಸೊಂಟ ತಡವಿ ನೋಡಿ ಒಳಗೆ ಬಿಡ್ತೀನಿ."

ನಾನು ಮೈದುನನ ಮೊಣಕೈ ತಟ್ಟಿದೆ. ಒಂದೇ ಕಣ್ಣು ತೆರೆದ. ಎಲ್ಲವನ್ನೂ ಕೈಯಲ್ಲಿ ಹೇಳಿದೆ. ಇನ್ನೊಂದು ಕಣ್ಣನ್ನೂ ತೆರೆದು ಕೈ ಎತ್ತಿದ. ಹೋಗುತ್ತೇನೆ, ಆದರೆ ಒಬ್ಬನೇ ಹೋಗಿ ಒಬ್ಬನೇ ಬರುತ್ತೇನೆ. ಅತ್ತೆ ಸುತರಾಂ ಒಪ್ಪಲಿಲ್ಲ. ಅವನ ಮಾತು ತಿಳಿಸಲು ನಾನು, ಅವನನ್ನು ಕಾಯಲು ಅತ್ತೆ, ಮೂವರೂ ಬಸ್ ಹತ್ತಿದೆವು.

ಶಾಲೆಯ ಮೈದಾನದಲ್ಲಿ ಹಲಗೆಯ ಗೋಡೆ ನಿಲ್ಲಿಸಿ ಒಂದು ಬೀದಿ ಕಟ್ಟಿದ್ದರು. ಹಳದಿ ಬಣ್ಣ ಬಳಿದ ಮರದ ಪಿಸ್ತೂಲು ಹಿಡಿದ ಹುಡುಗರು, ಹುಡುಗಿಯರು ಸಾಲಾಗಿ ನಿಂತಿದ್ದರು. ಮೈದುನ ಹೆಗಲ ಮೇಲೊಂದು ಪೆಟ್ಟಿಗೆ ಹೊತ್ತು ಬೆನ್ನು ತಿರುಗಿಸಿ ನಡೆದ. ಅವನು ಯಾರು, ಏನು ಎಂದು ಅವರಿಗೆ ಹೇಳಿರಲಿಲ್ಲ. ಮೊದಲನೆಯವನು ಕೂಗಿದ, ಮತ್ತೆ ಕೂಗಿದ, ಆಮೇಲೆ "ಢಂ" ಎಂದ. ಎರಡನೆಯವನೂ ಢಂ. ಅತ್ತೆ ಒಂದೊಂದು ಢಂಗೂ ನನ್ನ ತೋಳು ಹಿಂಡುತ್ತಿದ್ದರು.

"ಕಾರ್ಡು ತೋರಿಸೋಕೆ ಹೇಳು! ಕಾರ್ಡು ಇದೆಯಲ್ಲ!" ಎಂದರು ಕೊನೆಗೆ ತಡೆಯಲಾರದೆ.

ನಾನು ಹೇಳಿದೆ. ಮುಂದಿನ ಸಲ ಮೈದುನ ಅರ್ಧ ನಡೆದು ಹಿಂದೆ ತಿರುಗಿದ. ಪಿಸ್ತೂಲು ಕಂಡು, ಪೆಟ್ಟಿಗೆ ಇಳಿಸಿ, ಸರಕ್ಕನೆ ಅಂಗಿಯೊಳಗೆ ಕೈ ಹಾಕಿದ. ಗುಂಡಿ ಬಿಚ್ಚಿಕೊಳ್ಳಲಿಲ್ಲ. ಕೈ ಒಳಗೇ ತಡಕಾಡಿತು.

ಎದುರಿಗಿದ್ದದ್ದು ಮೆತ್ತಗಿನ ಮುಖದ ಹುಡುಗಿ. ಅವಳೂ "ಢಂ" ಎಂದಳು. ಹೇಳಿದ ಮೇಲೆ ಅವಳೇ ಬೆಚ್ಚಿಬಿದ್ದಳು. "ಒಳಗಿಂದ ಪಿಸ್ತೂಲು ತೆಗೀತಾನೆ ಅಂದ್ಕೊಂಡೆ ಮೇಡಂ."

ಅತ್ತೆ ನನ್ನ ತೋಳು ಬಿಟ್ಟು ಮೈದಾನದ ಮಧ್ಯಕ್ಕೆ ನಡೆದರು. ಅಷ್ಟು ಜನರ ಎದುರು ಮಗನ ಅಂಗಿ ಬಿಚ್ಚಿಸಿ, ತಾವೇ ಹೊಲಿದ ಒಳಜೇಬಿನ ದಾರವನ್ನು ಹಲ್ಲಿನಿಂದ ಕಚ್ಚಿ, ಪರ್ರನೆ ಕಿತ್ತು ತೆಗೆದರು. ಮೈದುನ ಬನಿಯನ್ನಿನಲ್ಲಿ ನಿಂತು, ತಾಯಿಯ ಬೆನ್ನು ಸವರಿದ.

ಮೇಡಂ ಹುಡುಗರ ಕಡೆ ತಿರುಗಿದರು. "ಇವನಿಗೆ ಕಿವಿ ಕೇಳಿಸಲ್ಲ. ನೀವೆಲ್ಲ ಸೇರಿ ಇವನನ್ನ ಎಷ್ಟು ಸಲ ಕೊಂದಿರಿ? ಕೂಗಿದಾಗ ನಿಲ್ಲದೇ ಇರೋದು ಪ್ರಾಣ ತೆಗೆಯೋ ತಪ್ಪಲ್ಲ. ಯಾರದಾದರೂ ಜೀವ ಹೋಗ್ತಿದೆ, ಬೇರೆ ದಾರಿ ಇಲ್ಲ ಅನ್ನೋವಾಗ ಮಾತ್ರ ಗುಂಡು. ಅಲ್ಲೀತನಕ ಬೆರಳು ಟ್ರಿಗರ್‌ನಿಂದ ಹೊರಗೆ, ಪಿಸ್ತೂಲಿನ ಮೂತಿ ನೆಲಕ್ಕೆ. ಹೊಡೆದರೆ ಹಿಂದೆ ಯಾರಿಗೆ ಬೀಳತ್ತೆ ಅಂತಾನೂ ನೋಡಬೇಕು." ಆಮೇಲೆ ಆ ಕಾನ್‌ಸ್ಟೇಬಲ್‌ನನ್ನು ಮುಂದೆ ಕರೆದರು.

ಅವನು ಹೇಳಿದ, "ಹೊಡೆದವನು ನಾನೇ. ನನಗೆ ಭಯ ಆಗಿತ್ತು. ಕೂಗಿದೆ, ನನ್ನ ಕೆಲಸ ಮುಗೀತು ಅಂದ್ಕೊಂಡೆ. ಅವರ ಆಚೆ ಕ್ಷೌರದ ಅಂಗಡಿ ಇದೆ ಅನ್ನೋದೂ ಕಾಣಲಿಲ್ಲ." ನಾನು ಅದನ್ನು ಮೈದುನನಿಗೆ ಕೈಯಲ್ಲಿ ಹೇಳುತ್ತಾ ಹೋದೆ. ಈ ಸಲ ಅವನು ಕಣ್ಣು ಮುಚ್ಚಲಿಲ್ಲ.

ಮತ್ತೆ ನಡಿಗೆ. ಮರದ ಪಿಸ್ತೂಲು ಈಗ ಆ ಕಾನ್‌ಸ್ಟೇಬಲ್‌ನ ಕೈಯಲ್ಲಿ. ಒಂದು ಸಲ ಕೂಗಿದ. ಇವನು ನಿಲ್ಲಲಿಲ್ಲ. ಅವನು ಹಲಗೆ ಗೋಡೆಯ ಮರೆಗೆ ಸರಿದು, ಪಿಸ್ತೂಲಿನ ಮೂತಿ ಕೆಳಗೆ ಮಾಡಿ, ದೂರದಿಂದಲೇ ಬಳಸಿಕೊಂಡು ಓಡಿ, ಮೈದುನನ ಎದುರಿನ ಗೋಡೆಯ ಅಂಚಿಗೆ ಬಂದು ಬರಿಯ ಅಂಗೈ ಎತ್ತಿ ಬೀಸಿದ. ಮೈದುನ ನೋಡಿದ. ನಿಂತ. ಪೆಟ್ಟಿಗೆ ಮೆಲ್ಲಗೆ ಇಳಿಸಿ, ಎರಡೂ ಅಂಗೈ ಬಿಚ್ಚಿ ತೋರಿಸಿ, ಒಂದು ಬೆರಳಿನಿಂದ ಕಿವಿ ಮುಟ್ಟಿ ತಲೆಯಾಡಿಸಿದ. ಅಷ್ಟೇ. ಯಾರೂ ಸಾಯಲಿಲ್ಲ.

ಆಮೇಲೆ ಮೈದುನನನ್ನು ಹಿಡಿಯುವವರೇ ಇಲ್ಲ. ಹುಡುಗರನ್ನು ಸುತ್ತ ಕೂರಿಸಿಕೊಂಡು, ಒಬ್ಬೊಬ್ಬನೂ ಹೇಗೆ ಢಂ ಅಂದ ಎಂದು ನಕಲು ಮಾಡಿ ತೋರಿಸಿದ. ಕಾನ್‌ಸ್ಟೇಬಲ್‌ಗೆ ಒಂದು ಹೆಸರನ್ನೂ ಇಟ್ಟ, ಮೊಣಕಾಲ ಮೇಲೆ ನಡುಗುವ ಬೆರಳು. ಎಲ್ಲರಿಗಿಂತ ಜೋರಾಗಿ ಆ ಹುಡುಗನೇ ನಕ್ಕ, ನಗುತ್ತಲೇ ಕಣ್ಣು ಒರೆಸಿಕೊಂಡ.

ಸಂಜೆ ಬಸ್ ನಿಲ್ದಾಣಕ್ಕೆ ಬಂದೆವು. ಬಸ್ ಬಂತು. ಮೈದುನ ಹತ್ತಲಿಲ್ಲ. ನೀವು ಹೋಗಿ, ನಾನು ಮುಂದಿನದರಲ್ಲಿ ಬರುತ್ತೇನೆ, ಎಂದು ತಾಯಿಗೆ ಹೇಳಿದ. ಅತ್ತೆ ಅವನ ಮುಖ ನೋಡಿದರು, ಅವರ ಕೈ ಅವನ ಅಂಗಿಯ ತುದಿಯವರೆಗೆ ಹೋಯಿತು. ಕಂಡಕ್ಟರ್ ಬೊಬ್ಬೆ ಹಾಕಿದ, "ಏನಮ್ಮ, ಹತ್ತೋದಾ ಇಳಿಯೋದಾ?"

"ಹತ್ತೋದೇ" ಎಂದರು ಅತ್ತೆ. ನನ್ನನ್ನು ಹಿಂದಿನಿಂದ ತಳ್ಳಿದರು. "ಹತ್ತೇ, ಏನು ನೋಡ್ತಾ ನಿಂತಿದೀಯ!" ಕಿಟಕಿ ಪಕ್ಕದ ಸೀಟು ನನಗೆ ಕೊಟ್ಟು, ತಾವು ನೆಟ್ಟಗೆ ಮುಂದೆ ನೋಡುತ್ತಾ ಕೂತರು. ಅವನು ಮುಂದಿನ ಬಸ್ಸಿನಲ್ಲೇ ಬಂದ. ಆ ಬಸ್ಸಿನ ಸುದ್ದಿಯೇ ನನಗೆ ಊಟದವರೆಗೆ ಸಾಕಾಯಿತು.

ಅತ್ತೆ ಹೋಗಿ ಎಷ್ಟೋ ವರ್ಷವಾಯಿತು, ನಮ್ಮವರೂ ಹೋದರು. ಆ ಕಳ್ಳತನದ ಮೇಲೆ ಪಿಸ್ತೂಲ್ ಸಾಹುಕಾರನೇ ಬಂದು ಮೈದುನನ ಕೈಯಲ್ಲಿ ದಪ್ಪ ತಗಡಿನ ಪೆಟ್ಟಿಗೆ ಮಾಡಿಸಿಕೊಂಡ, ಪಿಸ್ತೂಲಿಗೆ ಒಂದು ಬೀಗ, ಗುಂಡುಗಳಿಗೆ ಬೇರೆ ಬೀಗ. ಅವನನ್ನು ನೋಡಿ ಮನೆಯಲ್ಲಿ ಬಂದೂಕು ಇಟ್ಟವರು ಇನ್ನಷ್ಟು ಜನ ಬಂದರು. ಎಲ್ಲ ಕಡೆ ಎಲ್ಲವೂ ಸರಿಹೋಗಿದೆ ಎಂದು ನಾನು ಹೇಳುವುದಿಲ್ಲ, ಎಲ್ಲೆಲ್ಲೋ ಏನೇನೋ ಆದದ್ದನ್ನು ರೇಡಿಯೋದಲ್ಲಿ ಕೇಳುತ್ತೇನೆ. ಆದರೆ ಆ ಶಾಲೆಯಿಂದ ಹೊರಗೆ ಬರುವ ಪ್ರತಿಯೊಬ್ಬರೂ ನನ್ನ ಮೈದುನನ ಬೆನ್ನು ನೋಡಿಯೇ ಬರುತ್ತಾರೆ. ಆ ಕಾನ್‌ಸ್ಟೇಬಲ್ ಈಗ ಅಲ್ಲೇ ಪಾಠ ಹೇಳುತ್ತಾನೆ.

ಇವತ್ತೂ ಹೊಸಬರು ಬಂದಿದ್ದಾರಂತೆ. ಬೆಳಿಗ್ಗೆ ಮೈದುನ ಬಿಳಿ ಕೂದಲಿಗೆ ಎಣ್ಣೆ ಹಚ್ಚಿ ಬಾಚಿಕೊಂಡು, ಕನ್ನಡಿಯ ಮುಂದೆ ಅಷ್ಟು ಹೊತ್ತು ನಿಂತು ಹೊರಟ. ಎಷ್ಟು ಹೊತ್ತಿಗೆ ಬರುತ್ತೀಯ ಎಂದು ಬಾಗಿಲಲ್ಲಿ ಕೇಳಿದೆ. ಬಂದಾಗ ಬರುತ್ತೇನೆ, ಎಂದು ಕೈ ಕೊಡವಿ ಇಳಿದು ಹೋದ.