ಕಮಲಾಬಾಯಿಯ ತಲೆ ಪರೀಕ್ಷೆ

ಕಮಲಾಬಾಯಿ, ನಿಮ್ಮ ಮಿದುಳು ಕುಗ್ಗಿರಲಿಲ್ಲ. ಕುಗ್ಗಿದೆ ಎಂದ ಆ ಅಳತೆಯನ್ನು ನಂಬಬಾರದೆಂದು ನನಗೆ ಅಂದೇ ಗೊತ್ತಿತ್ತು — ಗೊತ್ತಿದ್ದೂ ಸುಮ್ಮನಿದ್ದೆ.

ಆ ಬರಗಾಲದಲ್ಲಿ ಬೀದರಿನ ಸ್ಕ್ಯಾನ್ ಸೆಂಟರಿನಲ್ಲಿ ಎಂಆರ್‌ಐ ಮಷೀನು ನಡೆಸುತ್ತಿದ್ದವನು ನಾನು. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಬಸ್ಸಿಳಿದು ಮನೆಗೆ ಓಡುವ ಮನುಷ್ಯ. ಚಿಂತಿಸಬೇಕಾದ ಕಡೆ ಮಾತ್ರ ಚಿಂತಿಸಲಿಲ್ಲ. ನೀವು ಸಂತಪುರದ ಮಂದಿಯನ್ನು ಹೈದರಾಬಾದಿನ ಕಟ್ಟಡ ಕೆಲಸಕ್ಕೆ ಕರೆದೊಯ್ಯುವ ಮುಕಾದಮ್. ಯಾರದೋ ಹೆಸರು ತಪ್ಪಿ ಹೇಳಿದಿರೆಂದು, ಮರೆವಿನ ರೋಗವೇನೋ ಎಂದು ನಿಮ್ಮ ಮೈದುನ ಅನುಮಾನಪಟ್ಟು ಕರೆತಂದಿದ್ದ.

ನಮ್ಮಲ್ಲಿ ಆಗಷ್ಟೇ ಹೊಸ ಸಾಫ್ಟ್‌ವೇರ್ ಬಂದಿತ್ತು. ಚಿತ್ರದಲ್ಲಿನ ಮಿದುಳನ್ನು ಅದು ತಾನೇ ಬೂದು ಭಾಗ, ಬಿಳಿ ಭಾಗ, ನೀರು ಎಂದು ಬೇರ್ಪಡಿಸಿ, ಬಣ್ಣ ಹಚ್ಚಿ, ಅಳೆದು ಕೊಡುತ್ತಿತ್ತು. ತಲೆ ಅಲುಗಿದರೆ ಅಂಚುಗಳು ಕಲಸಿಹೋಗಿ, ಇರುವ ಬೂದು ಭಾಗವೂ ಕಡಿಮೆ ಕಾಣುತ್ತದೆ. ಅಲುಗಬೇಡಿ ಎಂದು ಹೇಳಿಯೇ ಒಳಗೆ ಕಳಿಸಿದ್ದೆ. ಆದರೂ ಮಷೀನಿನ ಬಡಿತದ ನಡುವೆ ಸ್ಪೀಕರಿನಲ್ಲಿ ನಿಮ್ಮ ದನಿ — ಗೊಣಗುತ್ತಲೇ ಇದ್ದಿರಿ, ತಲೆಯೂ ಅಲುಗುತ್ತಿತ್ತು. ಹೊರಬಂದ ಮೇಲೆ ಏನದು ಎಂದು ಕೇಳಿದೆ.

“ತಲಿ ಪರೀಕ್ಷಾ ಅಂದ್ರಲ್ರಿ ಸಾಹೇಬ್ರ, ಅದಕ ನಮ್ ಮಂದಿ ಹೆಸರ ಎಲ್ಲಾ ಹೇಳ್ದೆ. ಅವರ ಹೆಂಡ್ರು ಮಕ್ಕಳ್ದೂ. ಪಾಸಾದ್ನೇನ್ರಿ?”

“ಪಾಸಾದ್ರಿ, ನಡೀರಿ.”

ನಗುತ್ತಲೇ ಅಂದೆ. ಮತ್ತೆ ಮಲಗಿಸಿ ತೆಗೆಯಬೇಕಿತ್ತು. ಹೊರಗೆ ಜನ ಕಾದಿದ್ದರು, ನನಗೂ ದಣಿದು ಸಾಕಾಗಿತ್ತು — ಇಲ್ಲ, ಅದು ನೆಪ; ಸಾಕಾಗುವುದು ದಿನಾಲೂ ಇದ್ದದ್ದೇ. ಕಲಸಿದ ಚಿತ್ರವನ್ನೇ ವರದಿ ಬರೆಯುವ ದೂರದೂರಿನ ಡಾಕ್ಟರಿಗೆ ಕಳಿಸಿದೆ, ತಲೆ ಅಲುಗಿದ್ದನ್ನು ತಿಳಿಸಲಿಲ್ಲ. ಅವರು ಸಾಫ್ಟ್‌ವೇರಿನ ಅಳತೆ ನಂಬಿ, ಮಿದುಳು ಕುಗ್ಗಿದೆ ಎಂದು ಬರೆದರು.

ಆ ವರದಿಯಿಂದಾಗಿ, ನಿಮ್ಮ ಮಂದಿಯನ್ನು ಹೈದರಾಬಾದಿಗೆ ಒಯ್ಯುವ ಲಾರಿ ನಿಮ್ಮನ್ನು ಬಿಟ್ಟು ಹೋಯಿತು. ಮೈದುನ ಮುಕಾದಮ್ ಆದ.

ಮರುವರ್ಷ ಔರಾದ್ ಬಸ್ ನಿಲ್ದಾಣದಲ್ಲಿ ನಾನು ಮುಖ ತಿರುಗಿಸಿದರೂ ನೀವೇ ಗುರುತು ಹಿಡಿದಿರಿ. ಪಕ್ಕದಲ್ಲಿದ್ದ ಸೊಸೆಯ ಹೆಸರು ಹೇಳಲು ಹೋಗಿ ತಡೆದಿರಿ. ಸುನೀತಾ ಹೌದಲ್ಲವೇ ಎಂದು ಅವಳನ್ನೇ ಕೇಳಿದಿರಿ. ಹೌದು ಎಂದಳು. ನನ್ನತ್ತ ತಿರುಗಿ ಅಂದಿರಿ:

“ಹೆಸರ ನೆಪ್ಪ ಇರ್ತದ್ರಿ. ಆದ್ರ ಮಷೀನ್ ಇಲ್ಲ ಅಂದದ, ನಾ ಹ್ಯಾಂಗ ಹೌದನ್ಲಿ?”

ಆಗಲಾದರೂ ಹೇಳಬಹುದಿತ್ತು. ಭಾಲ್ಕಿ ಬಸ್ಸು ಬಂತು, ಹತ್ತಿಬಿಟ್ಟೆ. ನನಗೆ ಭಾಲ್ಕಿಯಲ್ಲಿ ಏನೂ ಕೆಲಸವಿರಲಿಲ್ಲ.

ಈಗ ಸಂತಪುರಕ್ಕೆ ಬರುತ್ತೇನೆ. ನಿಮ್ಮೊಬ್ಬರ ಕಿವಿಯಲ್ಲಿ ಹೇಳಿ ಪಾರಾಗುವ ಉಪಾಯವೂ ಹೊಳೆದಿತ್ತು — ನಾನು ಅಂಥವನೇ. ಬೇಡ. ನಿಮ್ಮ ಮಂದಿ ಈ ಸಲ ಹೊರಡುವ ಮುಂಚೆ, ಮೈದುನನೂ ನಿಂತಿರುವಾಗ, ಎಲ್ಲರೆದುರು ಹೇಳುತ್ತೇನೆ. ಆಮೇಲೆ ನೀವು ಬಾಯಿಗೆ ಬಂದದ್ದು ಅನ್ನಿರಿ. ನಿಂತು ಕೇಳುತ್ತೇನೆ.